ಔಷಧ ಹೊಡೆಯದ ಸಾಲು

"ನನ್ನ ಗಂಡ ನನ್ನ ಬಿಟ್ಟಾನ ಅಂತ ಎಲ್ಲಾರಿಗೂ ಗೊತ್ತೈತಿ. ಅದನ್ನ ಹಲಗಿ ಮ್ಯಾಲೆ ಬ್ಯಾರೆ ಬರೀಬೇಕಿತ್ತೇನ್ರಿ?"

ತುಳಜಾ ದೇವರಾಜನ ಎದುರು ನಿಂತು ಕೇಳಿದಳು. ಪಾಳಾ ಊರಿನ ಆ ನರ್ಸರಿಗೆ ಅವನೇ ಸೂಪರ್‌ವೈಸರ್. ಕುಂಡದ ಸೇವಂತಿಗೆಯ ಸಾಲುಗಳಿಗೆ ಒಂದೊಂದು ಹಲಗೆ ನೆಟ್ಟವನೂ ಅವನೇ. ಕೊನೆಯ ಸಾಲಿನ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಬಿಟ್ಟದ್ದು. ತುಳಜಾ.'

ಪಕ್ಕದ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಅವನು ಕಂಬದ ಹಾಗೆ ನಿಂತೇ ಇದ್ದ. ಓದಿದ ಗಂಡಸರಿಗೆ ಬೇಕಾದ ಹೊತ್ತಿನಲ್ಲೇ ಬುದ್ಧಿ ಕೈಕೊಡುವುದು ಹೊಸದೇನಲ್ಲ ಬಿಡಿ!

ತುಳಜಾಳ ಕಣ್ಣು ತುಂಬಿತು. ಎರಡು ತಿಂಗಳಿಂದ ಅವಳಿಗೆ ಸೇವಂತಿಗೆಯ ಪಾಠ ಹೇಳಿದವನು ಇವನೇ ಅಲ್ಲವೇ? ನೆರಳಲ್ಲಿಟ್ಟರೆ ಗಿಡ ಉದ್ದ ಬೆಳೆದು ಬಾಗುತ್ತದೆ... ಔಷಧ ಹೊಡೆದರೆ ಕುಂಡಕ್ಕೆ ತಕ್ಕಂತೆ ಗಿಡ್ಡಗೆ ಉಳಿಯುತ್ತದೆ, ಪೇಟೆಯವರಿಗೆ ಅದೇ ಇಷ್ಟ... ಸಂಜೆ ಐದಕ್ಕೇ ಕಪ್ಪು ಪರದೆ ಎಳೆದು ಕತ್ತಲು ಮಾಡಿದರೆ ಬೇಗ ಮೊಗ್ಗು ಕಟ್ಟುತ್ತದೆ...

ಅದನ್ನು ಕೇಳುವಷ್ಟು ಹೊತ್ತು ಮಾತ್ರ ಅವಳಿಗೆ ಉಸಿರಾಡಿದಂತಾಗುತ್ತಿತ್ತು.

ಪರದೆ ಎಳೆದು ಕೆಲಸ ಮುಗಿದ ಮೇಲೆ ಲಂಬಾಣಿ ತಾಂಡಾದ ಅಣ್ಣನ ಮನೆಗೆ ಮರಳಬೇಕು. ಸೋಡಚೀಟಿ ಎಂಬ ಬಿಡುಗಡೆ ಪತ್ರವಾಗಿ ಅವಳು ಗಂಡನಿಂದ ಬೇರೆಯಾಗಿ ಎರಡು ವರ್ಷ. ಮುಂಡಗೋಡದ ಸಂತೆಗೆ ಹೋಗಲೂ ಅಣ್ಣ ಭೀಮಸಿಂಗನ ಅಪ್ಪಣೆ ಬೇಕು. ಜೋರಾಗಿ ನಕ್ಕರೂ ಅತ್ತಿಗೆ ನಾನಿಬಾಯಿ ತಿರುಗಿ ನೋಡುತ್ತಾಳೆ.

ಈಗ ಹಳಿಯಾಳ ಕಡೆಯಿಂದ ಹೆಂಡತಿ ಸತ್ತವನೊಬ್ಬನ ಸಂಬಂಧ ಬಂದಿತ್ತು. ಬಂದವಳು ಹೊಸ್ತಿಲು ದಾಟಿ ದುಡಿಯಲು ಹೋಗಬಾರದು ಎಂಬುದೊಂದೇ ಅವನ ಷರತ್ತು. ದೇವರಾಜ ಏನಾದರೂ ಹೇಳಿಯಾನೆಂದು ತುಳಜಾ ಇವತ್ತು, ನಾಳೆ ಅನ್ನುತ್ತ ಉತ್ತರ ಮುಂದೂಡುತ್ತಿದ್ದಳು.

ಅವನ ಕಣ್ಣಿಗೂ ನಾನು ಬಿಟ್ಟವಳೇ... ಇನ್ನು ಯಾರಿಗೆ ಕಾಯಲಿ?

ಆ ಸಂಜೆಯೇ ಅತ್ತಿಗೆಗೆ ಹೂಂ ಅಂದಳು. ಭಾನುವಾರ ವೀಳ್ಯ ಬದಲಿಸಿ ಸಂಬಂಧ ಗಟ್ಟಿ ಮಾಡುವುದೆಂದು ನಿಶ್ಚಯವಾಯಿತು.

ಶನಿವಾರ ಗಿಡ ಅಳೆಯುವ ದಿನ. ಔಷಧ ಹೊಡೆದ ಸಾಲುಗಳು ಗೇಣುದ್ದಕ್ಕೆ ನಿಂತಿದ್ದವು. ತುಳಜಾಳ ಸಾಲು ಮೊಳ ಮೀರಿತ್ತು.

ದೇವರಾಜ ಅಳತೆಪಟ್ಟಿ ಹಿಡಿದು ಹತ್ತಿರ ಬಂದ. ತಾನು ಬರೆದದ್ದರ ಅರ್ಥ ಎಲ್ಲಿಗೆ ಹೋಯಿತೆಂದು ಅಲ್ಲೇ ದುಡಿಯುವ ಯಲ್ಲವ್ವ ನಿನ್ನೆ ಬೈದು ತಿಳಿಸಿದ ಮೇಲೆಯೇ ಅವನಿಗೆ ಗೊತ್ತಾಗಿದ್ದು.

"ಹೋಲಿಸಿ ನೋಡಾಕ ಔಷಧ ಹೊಡೀಲಾರದ ಬಿಟ್ಟದ್ದು ಅಂತ ಬರೀಬೇಕಿತ್ರಿ. ಹಲಗ್ಯಾಗ ಜಾಗ ಸಾಲಲಿಲ್ಲ. ಕೆಳಗಿಂದು ನೀರು ಹಾಕೋರ ಹೆಸರು."

ತುಳಜಾ ಆಗ ಉಳಿದ ಹಲಗೆಗಳನ್ನು ನೋಡಿದಳು. 'ಎರಡು ಸಲ. ಯಲ್ಲವ್ವ.' 'ನೆರಳು. ಕೆಂಚವ್ವ.' ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. ಅಯ್ಯೋ, ಇಷ್ಟಕ್ಕೇ ನಾನು ಹೂಂ ಅಂದುಬಿಟ್ಟೆನೇ!

ನಾಳೆಯ ವೀಳ್ಯದ ವಿಷಯ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು. ಎರಡು ತಿಂಗಳಿಂದ ತನ್ನ ಮನಸ್ಸಿನ ಮಾತು ಹೇಳಬೇಕೆಂದುಕೊಂಡು ಪ್ರತಿ ಸಲವೂ ಗೊಬ್ಬರದ ಮಾತಾಡಿ ಹೋಗಿದ್ದನ್ನು ತಡವರಿಸುತ್ತ ಒಪ್ಪಿಕೊಂಡ.

"ಈಗ ಹೋಗಿ ನಿಮ್ಮಣ್ಣನ್ನ ಕೇಳ್ತೇನಿ."

"ಮೊದಲನೇ ಲಗ್ನಕ್ಕೂ ಅಣ್ಣನ್ನ ಕೇಳಿದ್ರು. ಈಗ ಬಂದವರೂ ಅಣ್ಣನ್ನ ಕೇಳ್ಯಾರ. ನನ್ನ ಮಾತ್ರ ಯಾರೂ ಕೇಳಿಲ್ರಿ."

ದೇವರಾಜ ಅಳತೆಪಟ್ಟಿ ಕೆಳಗಿಟ್ಟ.

"ತುಳಜಾ, ನನ್ನ ಲಗ್ನ ಆಗ್ತೀರೇನು? ಒಲ್ಲೆ ಅಂದ್ರೂ ನಿಮ್ಮ ಕೆಲಸ ನಿಮಗ ಇರತೈತಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಗ್ತೇನಿ. ನಡೀರಿ, ಅಣ್ಣಗ ನಾನ ಹೇಳ್ತೇನಿ. ನೀವು ಬಾಜೂಕ ನಿಂದರ್ರಿ."

"ಬರೇ ನಿಂತ್ರ ಸಾಕೇನು?"

"ಇವತ್ತಿಗೆ ಅಷ್ಟ ಸಾಕು."