ಹೊಟ್ಟೆ ಸೀಳಿದ ಧ

"ನಿಮ್ಮ ಶಾಲೆಯ ಬೀಗ ಏನು ಅಲಂಕಾರಕ್ಕೆ ಹಾಕಿರೋದಾ ಮೇಡಂ?"

"ದನಿ ಇಳಿಸಿ ಮಾತಾಡಿ. ನಾನು ನಿಮ್ಮ ಮರದ ಡಿಪೋದ ಗುಮಾಸ್ತೆ ಅಲ್ಲ."

"ಇಳಿಸಲ್ಲ! ಡೆಸ್ಕ್ ಕೊಟ್ಟವರು ನಾವು, ನೀರಿನ ಫಿಲ್ಟರ್ ಕೊಟ್ಟವರು ನಾವು. ಕೊಟ್ಟವರ ಹೆಸರನ್ನ ಒಂದು ವರ್ಷ ಕಾಪಾಡೋ ಯೋಗ್ಯತೆ ಇಲ್ವಾ ನಿಮಗೆ?"

"ಹೆಸರಿಗೆ ಕಾವಲು ಕೂರಲಾ, ಮಕ್ಕಳಿಗೆ ಪಾಠ ಮಾಡಲಾ? ಎರಡರಲ್ಲಿ ಒಂದು ಹೇಳಿ."

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯೊಳಗೆ ಈ ಜಗಳ ನಡೆದಿತ್ತು. ಇನ್‌ಸ್ಪೆಕ್ಟರ್ ಬಂದವರೇ ಟೋಪಿ ತೆಗೆದು ಮೇಜಿನ ಮೇಲೆ ಕುಕ್ಕಿದರು.

"ಮೀನು ಮಾರ್ಕೆಟ್ಟೇ ವಾಸಿ. ಯಾರು ದೂರು ಕೊಡೋರು? ಅವರೊಬ್ಬರೇ ಮಾತಾಡಿ."

ದೂರು ಕೊಡುವವರು ಹಳೆ ವಿದ್ಯಾರ್ಥಿಗಳ ಪ್ರತಿಷ್ಠಾನದ ಅಧ್ಯಕ್ಷರು. ಊರಿನ ದೊಡ್ಡ ಮರದ ವ್ಯಾಪಾರಿ. ಎದುರಿಗೆ ನಿಂತಿದ್ದವರು ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕಿ. ಗೋಡೆ ಬದಿಯ ಬೆಂಚಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ತುಟಿ ಬಿಚ್ಚದೆ ಕುಳಿತಿದ್ದವರು ಪ್ರತಿಷ್ಠಾನದ ಕಾರ್ಯದರ್ಶಿ. ಊರಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿರುವ ಇವರನ್ನು ಎಲ್ಲರೂ ಕರೆಯುವುದು ಪ್ರೆಸ್ಸಣ್ಣ ಎಂದೇ.

ಕಳುವಾಗಿದ್ದು ಹಿತ್ತಾಳೆ ಫಲಕಗಳು. ಒಂದೊಂದು ಡೆಸ್ಕಿಗೆ, ಒಂದೊಂದು ಬೀರುವಿಗೆ, ಫಿಲ್ಟರಿಗೆ ಸಹ ದಾನಿಗಳ ಹೆಸರು ಕೆತ್ತಿದ ಅಂಗೈ ಅಗಲದ ಫಲಕ ಬಡಿದಿದ್ದರು. ಶನಿವಾರ ಸಂಜೆ ಇದ್ದವು. ಸೋಮವಾರ ಬಾಗಿಲು ತೆಗೆದರೆ ಒಂದೂ ಇಲ್ಲ.

"ಬರೋ ಶನಿವಾರ ನಮ್ಮ ವಾರ್ಷಿಕೋತ್ಸವ," ಎಂದರು ಅಧ್ಯಕ್ಷರು. "ದೊಡ್ಡ ಟೀಚರ್ ಬರ್ತಾ ಇದ್ದಾರೆ. ನಮ್ಮೆಲ್ಲರಿಗೂ ಕನ್ನಡ ಕಲಿಸಿದವರು. ಅಷ್ಟರೊಳಗೆ ಫಲಕ ಸಿಗಬೇಕು. ಸಿಗದಿದ್ರೆ ಈ ಶಾಲೆಗೆ ಅಂತ ಇಟ್ಟಿರೋ ಸೈನ್ಸ್ ಲ್ಯಾಬ್ ಬೇರೆ ಶಾಲೆಗೆ ಹೋಗುತ್ತೆ. ಜೋಪಾನ ಮಾಡೋರಿಗೆ ಕೊಡ್ತೀವಿ."

ಮುಖ್ಯ ಶಿಕ್ಷಕಿಯ ಸಿಟ್ಟು ಅಲ್ಲಿಗೆ ಇಳಿಯಿತು. ಅವರ ಮಕ್ಕಳು ಇಷ್ಟು ವರ್ಷವೂ ಪ್ರಯೋಗ ಮಾಡಿದ್ದು ಕರಿಹಲಗೆಯ ಮೇಲೆ. ಸೀಮೆಸುಣ್ಣದ ಪ್ರನಾಳದಲ್ಲಿ ಸೀಮೆಸುಣ್ಣದ ಆಮ್ಲ.

"ಫಲಕ ಕದ್ದವರು ಮಕ್ಕಳಲ್ಲ ಸರ್," ಎಂದರು, ಈ ಸಲ ಮೆಲ್ಲಗೆ. "ಲ್ಯಾಬ್ ಕಿತ್ಕೊಂಡ್ರೆ ಶಿಕ್ಷೆ ಆಗೋದು ಮಕ್ಕಳಿಗೇ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ಹನ್ನೆರಡು ಗಂಟೆಗೆ ಸ್ಥಳ ಪಂಚನಾಮೆ. ಜೊತೆಗೆ ಹೋದ ಹೆಡ್ ಕಾನ್‌ಸ್ಟೇಬಲ್‌ಗೆ ಮೀಸೆ ಎಂದು ಹೆಸರು. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದೆ, ಹೆಸರು ಮಾತ್ರ ಉಳಿದಿದೆ.

ಇನ್‌ಸ್ಪೆಕ್ಟರ್ ಶಾಲೆಯ ಗೋಡೆ, ಸೂರು ಎಲ್ಲದರ ಮೇಲೂ ಕಣ್ಣಾಡಿಸಿದರು. ಇಂಥ ಶಾಲೆಯಲ್ಲೇ ಓದಿದವರು ಅವರು, ನೆಲದ ಮೇಲೆ ಕೂತು. ಇಲ್ಲಿ ಸೋರುವ ಜಾಗ ಇರಲಿಲ್ಲ. ಬಣ್ಣ ಬಳಿದವನು ಇಲ್ಲೇ ಓದಿದ ಪೇಂಟರ್, ಕೂಲಿ ಬೇಡ ಅಂದನಂತೆ. ವೈರಿಂಗ್ ಮಾಡಿದವನು ಇಲ್ಲಿ ಎರಡು ಸಲ ಫೇಲಾದ ಎಲೆಕ್ಟ್ರಿಷಿಯನ್. ಆಸ್ಪತ್ರೆಯ ನರ್ಸ್ ಒಬ್ಬಳು ವರ್ಷಕ್ಕೊಮ್ಮೆ ಬಂದು ಪ್ರತಿ ಮಗುವಿನ ಕಣ್ಣು ಪರೀಕ್ಷೆ ಮಾಡುತ್ತಾಳೆ, ಕನ್ನಡಕ ಪ್ರತಿಷ್ಠಾನದ್ದು. ಊರಿನ ಬೇರೆ ಸರ್ಕಾರಿ ಶಾಲೆಗಳಿಗೂ ಇದೇ ಉಪಚಾರ.

"ಜಗಳ ಆಡಿದೆ, ನಿಜ," ಎಂದರು ಮುಖ್ಯ ಶಿಕ್ಷಕಿ. "ಆದರೆ ಸುಳ್ಳು ಹೇಳಬಾರದು ಸರ್. ಆ ಮನುಷ್ಯ ಬಾಯಿ ಮಾತ್ರ ಜೋರು. ಡೆಸ್ಕಿನ ಮರ ತಾನೇ ನಿಂತು ಆರಿಸಿದ್ರು, ಒಂದು ಗಂಟು ಇರಬಾರದು ಅಂತ. ಹಿಂದಿನ ಬೆಂಚಿನ ಹುಡುಗಿಯರು ಬೋರ್ಡ್ ಓದೋ ಹಾಗಾಗಿದ್ದು ಇವರಿಂದ."

ಬಾಗಿಲ ಬೀಗ ಮುರಿದಿರಲಿಲ್ಲ. ಮೀಸೆ ಮೊದಲ ಡೆಸ್ಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತವನು ಏಳಲೇ ಇಲ್ಲ.

"ಸಾರ್, ಇಲ್ಲಿ ನೋಡಿ. ಫಲಕ ಬಿಚ್ಚಿದ್ದಾನೆ, ಸ್ಕ್ರೂ ವಾಪಸ್ ಹಾಕಿದ್ದಾನೆ."

ಎಲ್ಲ ಡೆಸ್ಕಿನಲ್ಲೂ ಹಾಗೆಯೇ. ಸ್ಕ್ರೂಗಳನ್ನು ಪೂರ್ತಿ ಒಳಕ್ಕೆ ತಿರುಗಿಸಿದ್ದರು, ಕೈ ಸವರಿದರೆ ತಗುಲದ ಹಾಗೆ.

"ಮಕ್ಕಳ ಬಟ್ಟೆ ಹರಿಬಾರದು ಅಂತ," ಎಂದರು ಇನ್‌ಸ್ಪೆಕ್ಟರ್.

"ನನ್ನ ಸರ್ವಿಸಿನಲ್ಲಿ ಇಷ್ಟು ಮರ್ಯಾದಸ್ಥ ಕಳ್ಳನ್ನ ನೋಡಿಲ್ಲ ಸಾರ್. ಕಸ ಗುಡಿಸಿ ಹೋಗಿಲ್ಲ, ಅದೊಂದು ಬಾಕಿ."

"ಬೀಗದ ಕೈ ಯಾರ ಹತ್ರ ಇದೆ ಮೇಡಂ?"

"ನನ್ನ ಹತ್ರ ಒಂದು. ಪ್ರತಿಷ್ಠಾನದ ಹತ್ರ ಒಂದು."

ಮಧ್ಯಾಹ್ನವೆಲ್ಲ ಮೀಸೆ ಗುಜರಿ ಅಂಗಡಿಗಳನ್ನು ಸುತ್ತಿದ. ಹಿತ್ತಾಳೆ ತಂದವರು ಯಾರೂ ಇಲ್ಲ. ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮತ್ತೆ ಶಾಲೆಗೆ ಹೋಗಿ ಎಂಟನೇ ತರಗತಿಯೊಳಗೆ ಕಾಲಿಟ್ಟರು.

"ಫಲಕದ ಮೇಲೆ ಏನು ಬರೆದಿತ್ತು? ಯಾರು ಹೇಳ್ತೀರಿ?"

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಳು: ಧಾನಿಗಳು.

ಮುಖ್ಯ ಶಿಕ್ಷಕಿ ಕಣ್ಣು ಮುಚ್ಚಿಕೊಂಡರು.

"ಅದು ತಪ್ಪಲ್ವಾ ಮರೀ?" ಎಂದ ಮೀಸೆ.

"ಇಲ್ಲ ಸಾರ್. ಡೆಸ್ಕಿನ ಮೇಲೆ ಹಂಗೇ ಇತ್ತು. ಹೊಟ್ಟೆ ಸೀಳಿದ ಧ!"

"ಹೊಟ್ಟೆ ಸೀಳಿದ ಧ!" ಎಂದು ಇಡೀ ತರಗತಿ ಕೂಗಿತು.

ಹೊರಗೆ ಬಂದ ಮೇಲೆ ಮುಖ್ಯ ಶಿಕ್ಷಕಿ ಹೇಳಿದರು. "ಎಲ್ಲ ಮಕ್ಕಳೂ ಈಗ ದಾನಕ್ಕೆ ಹೊಟ್ಟೆ ಸೀಳ್ತಾರೆ. ತಿದ್ದಿದ್ರೆ ಡೆಸ್ಕ್ ತೋರಿಸ್ತಾರೆ. ಕೊಟ್ಟವರ ಮೇಲೆ ತಪ್ಪು ಹುಡುಕಬಾರದು ಅಂತ ಇಷ್ಟು ದಿನ ಸುಮ್ಮನಿದ್ದೆ. ಹೋದ ವಾರ ಪ್ರೆಸ್ಸಣ್ಣಂಗೆ ಒಂದು ಮಾತು ಹೇಳಿದೆ. ಅವರ ಮುಖ ಬಿಳಿಚಿಕೊಂಡ್ತು."

"ಪ್ರತಿಷ್ಠಾನದ ಬೀಗದ ಕೈ?"

"ಅವರ ಹತ್ರಾನೇ ಇರೋದು. ರಜಾ ದಿನ ಬಂದು ಮಕ್ಕಳಿಗೆ ಪುಸ್ತಕ ಬೈಂಡ್ ಮಾಡೋದು ಹೇಳಿಕೊಡ್ತಾರೆ."

ಇನ್‌ಸ್ಪೆಕ್ಟರ್ ಜೀಪು ಹತ್ತಿದರು.

ಪ್ರೆಸ್ಸಿನೊಳಗೆ ಮಸಿಯ ವಾಸನೆ. ಕತ್ತರಿಸಿ ಬಿದ್ದ ಕಾಗದದ ಅಂಚುಗಳು ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಪ್ರೆಸ್ಸಣ್ಣ ಯಂತ್ರ ನಿಲ್ಲಿಸಿ ಕೈ ಒರೆಸಿಕೊಂಡರು.

"ಭಾನುವಾರ ಎಲ್ಲಿದ್ರಿ?"

"ಶಾಲೇಲಿ."

"ಮಕ್ಕಳಿದ್ರಾ?"

"ಇಲ್ಲ. ಬರಬೇಡಿ ಅಂದಿದ್ದೆ."

"ಏನು ಮಾಡ್ತಿದ್ರಿ?"

"ಹೊಟ್ಟೆ ಸೀಳಿದ್ದು ನಾನೇ ಸರ್. ಒಪ್ಕೋತೀನಿ."

ಪ್ರೆಸ್ಸಿಗೆ ಕಾಗದ ಕೊಳ್ಳಲು ಬಂದಿದ್ದ ಮುದುಕಿಯೊಬ್ಬಳು ಅದನ್ನು ಕೇಳಿ "ಅಯ್ಯಯ್ಯೋ" ಎನ್ನುತ್ತ ಬೀದಿಗೆ ಓಡಿದಳು. ಮೀಸೆ ಅವಳ ಹಿಂದೆ ಓಡಿ, ಕೊಲೆಯಲ್ಲ ಅಜ್ಜಿ, ಅಕ್ಷರ, ಅಕ್ಷರ ಎಂದು ಹೇಳಿ ಸಮಾಧಾನ ಮಾಡಿ ಬರಬೇಕಾಯಿತು.

ಹಳೆಯ ಅಚ್ಚುಮೊಳೆಯ ಕಪಾಟಿನ ಖಾನೆಗಳಲ್ಲಿ ಫಲಕಗಳಿದ್ದವು. ಒಂದಕ್ಕೊಂದು ಉಜ್ಜಿ ಗೀರು ಬೀಳಬಾರದೆಂದು ಮಧ್ಯೆ ಮಧ್ಯೆ ಕಾಗದ. ಕೆಲವನ್ನು ಹಿಂದುಮುಂದಾಗಿ ತಿರುಗಿಸಿ, ಹಿಂಬದಿಗೆ ಹೊಸದಾಗಿ ಕೆತ್ತಿಸಿದ್ದರು: ದಾನಿಗಳು. ಮೀಸೆ ಜಪ್ತಿ ಪಂಚನಾಮೆ ಬರೆಯತೊಡಗಿದ.

"ತಿದ್ದಿಸಬೇಕು ಅಂತ ಅಧ್ಯಕ್ಷರಿಗೆ ಹೇಳಬಹುದಿತ್ತಲ್ರೀ?"

"ಹೇಳಿದೆ ಸರ್. ಹೊಳೀತಾ ಇದೆಯಲ್ಲ ಬಿಡಯ್ಯಾ, ಯಾರು ನೋಡ್ತಾರೆ ಅಂದ್ರು. ಯಾರೂ ನೋಡಲ್ಲ ಅಂದ್ರೆ ಒಂದು ವಾರ ಇಲ್ಲದಿದ್ರೂ ಯಾರೂ ನೋಡಲ್ಲ ಅಂದ್ಕೊಂಡೆ. ಶುಕ್ರವಾರ ಸಂಜೆ ಮತ್ತೆ ಕೂರಿಸಿಬಿಡ್ತಿದ್ದೆ."

"ಮೇಡಂಗಾದ್ರೂ ಹೇಳಬಾರದಿತ್ತಾ? ನಿನ್ನೆ ಅವರು ಬೈಸ್ಕೊಳ್ಳೋದನ್ನ ಕೂತು ನೋಡಿದ್ರಿ."

"ನೋಡಿದೆ ಸರ್. ಬಾಯಿ ಏಳಲಿಲ್ಲ." ಅವರು ತಲೆ ತಗ್ಗಿಸಿದರು. "ಮೇಡಂ ಕೂಡ ದೊಡ್ಡ ಟೀಚರ್ ಶಿಷ್ಯೇನೇ. ನನ್ನ ತಪ್ಪು ಅಂತ ಸಂಜೆಯೊಳಗೆ ಟೀಚರಿಗೆ ಗೊತ್ತಾಗ್ತಿತ್ತು."

"ಗೊತ್ತಾದ್ರೆ?"

ಆಗ ಪ್ರೆಸ್ಸಣ್ಣ ಪೂರ್ತಿ ಹೇಳಿದರು. ಹುಡುಗನಾಗಿದ್ದಾಗ ಯಾವ ಅಕ್ಷರಕ್ಕೆ ಗೀಟು ಬೇಕು, ಯಾವುದಕ್ಕೆ ಬೇಡ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಎಲ್ಲದರ ಹೊಟ್ಟೆಯನ್ನೂ ಸೀಳುತ್ತಿದ್ದರು. ಎಲ್ಲ ವಿಷಯದಲ್ಲೂ ಫೇಲು. ಆದರೂ ದೊಡ್ಡ ಟೀಚರ್ ಕೈಬಿಡಲಿಲ್ಲ. ಶಾಲೆ ಮುಗಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿದರು, ಬೈದರು, ನಗಿಸಿದರು. ಕೊನೆಗೆ ಕೈ ಹಿಡಿದು ಕರೆದೊಯ್ದು ಇದೇ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿಸಿದರು. "ಈ ಹುಡುಗ ತಪ್ಪು ಮಾಡಲ್ಲ, ನಾನು ಜವಾಬ್ದಾರಿ" ಎಂದು ಮಾಲೀಕನಿಗೆ ಹೇಳಿದ್ದರಂತೆ.

"ಈಗ ಅವರಿಗೆ ಕಣ್ಣು ಕಾಣಲ್ಲ ಸರ್. ಕೆತ್ತಿದ ಅಕ್ಷರಾನ ಬೆರಳಿನಲ್ಲೇ ಓದ್ತಾರೆ. ಶನಿವಾರ ಒಂದೊಂದು ಫಲಕಾನೂ ಅವರ ಕೈಲಿ ಮುಟ್ಟಿಸಬೇಕು ಅಂತ ಅಧ್ಯಕ್ಷರ ಆಸೆ. ಕೆತ್ತೋರಿಗೆ ಅಕ್ಷರ ಜೋಡಿಸಿ ಕೊಟ್ಟವನು ನಾನು. ನನ್ನಿಂದ ಅವರ ಮಾತು ಸುಳ್ಳಾಗಬಾರದಿತ್ತು."

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಪ್ರೆಸ್ಸಣ್ಣನ ಬಂಧನವಾಯಿತು. ಒಳ್ಳೆಯ ಉದ್ದೇಶಕ್ಕೆ ಕಾನೂನಿನಲ್ಲಿ ಬೇರೆ ಕಾಲಂ ಇಲ್ಲ. ಜಾಮೀನಿಗೆ ಸಹಿ ಹಾಕಲು ಮುಂದೆ ಬಂದವರು ಮುಖ್ಯ ಶಿಕ್ಷಕಿ. ಮೊದಲು ಚೆನ್ನಾಗಿ ಉಗಿದರು, ಆಮೇಲೆ ಪೆನ್ನು ಕೇಳಿದರು. ಅವರ ತೋಳು ಹಿಡಿದು ದೊಡ್ಡ ಟೀಚರ್ ಕೂಡ ಬಂದಿದ್ದರು. ಅಷ್ಟರಲ್ಲಿ ಸುದ್ದಿ ತಿಳಿದ ಅಧ್ಯಕ್ಷರು ಠಾಣೆ ಹಾರಿಹೋಗುವಂತೆ ಕೂಗಾಡುತ್ತಿದ್ದರು.

"ಯಾರದು ಅರಚ್ತಿರೋದು? ಮರದ ಡಿಪೋದವನಾ?"

"ಹೌದು ಟೀಚರ್." ಅಧ್ಯಕ್ಷರು ಥಟ್ಟನೆ ಎದ್ದು ನಿಂತರು, ತರಗತಿಯಲ್ಲಿ ನಿಲ್ಲುವ ಹಾಗೆ, ಕೈಕಟ್ಟಿ.

"ಎಲ್ಲಿ, ಒಂದು ಫಲಕ ಕೊಡಿ."

ಇನ್‌ಸ್ಪೆಕ್ಟರ್ ಕೊಟ್ಟರು. ಟೀಚರ ತೋರುಬೆರಳು ಮೊದಲ ಅಕ್ಷರದ ಮೇಲೆ ಹೋಯಿತು, ಕೆಳಗಿನ ಗೀಟಿನ ಹತ್ತಿರ ನಿಂತಿತು, ಮತ್ತೆ ಸವರಿತು. ಪ್ರೆಸ್ಸಣ್ಣ ಗೋಡೆಗೆ ಮುಖ ತಿರುಗಿಸಿದರು. ಟೀಚರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡರು ಎಲ್ಲರೂ. ಅವರು ನಗುತ್ತಿದ್ದರು.

"ತಲೆ ನೆರೆದ್ರೂ ಹೊಟ್ಟೆ ಸೀಳೋ ಚಾಳಿ ಬಿಡಲಿಲ್ವಲ್ಲೋ ಪಾಪಿ!"

"ಕ್ಷಮಿಸಿ ಟೀಚರ್."

"ಒಂದು ಗೀಟಿಗೆ ಜೈಲಿಗೆ ಹೊರಟಿದ್ದೀಯಲ್ಲ. ಇಷ್ಟು ಭಯ ಪರೀಕ್ಷೇಲಿ ಇದ್ದಿದ್ರೆ ಪಾಸಾಗ್ತಿದ್ದೆ." ಆಮೇಲೆ ಅಧ್ಯಕ್ಷರ ಕಡೆಗೆ ಮುಖ ಮಾಡಿದರು. "ನೀನು ಹೇಳು. ಹತ್ತನೇ ಕ್ಲಾಸಿನಲ್ಲಿ ನಿನಗೆ ಪುಸ್ತಕ, ಚಪ್ಪಲಿ ಕೊಡಿಸಿದವರು ಯಾರು?"

"ಗೊತ್ತಿಲ್ಲ ಟೀಚರ್. ಆವಾಗ ಕೇಳಿದ್ದೆ, ನೀವು ಹೇಳಲಿಲ್ಲ. ಈಗಲಾದ್ರೂ ಹೇಳಿ. ಎಷ್ಟು ದಿನ ಆ ಪುಣ್ಯಾತ್ಮರನ್ನ ನೆನೆಸ್ಕೊಂಡಿದ್ದೀನಿ ಗೊತ್ತಾ?"

"ಹೇಳಬೇಡಿ ಅಂದಿದ್ರು ಕಣೋ. ಈಗಲೂ ಹೇಳಲ್ಲ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಕೇಸು ವಾಪಸ್ ತಗೋತೀನಿ."

"ಅದು ಕೋರ್ಟಿನಲ್ಲಿ," ಎಂದರು ಇನ್‌ಸ್ಪೆಕ್ಟರ್. "ರಾಜಿಗೆ ಅರ್ಜಿ ಹಾಕಿ. ಆಮೇಲೆ ಬಂದು ಸಹಿ ಮಾಡಿ ಫಲಕ ತಗೊಂಡು ಹೋಗಿ."

ಅಧ್ಯಕ್ಷರು ಮುಖ್ಯ ಶಿಕ್ಷಕಿಯ ಮುಂದೆ ನಿಂತರು. "ಶನಿವಾರ ಲ್ಯಾಬ್ ಬರುತ್ತೆ ಮೇಡಂ. ನಿಮ್ಮ ಶಾಲೆಗೇ." ಪ್ರೆಸ್ಸಣ್ಣನ ಬೆನ್ನಿಗೆ ಒಂದು ಗುದ್ದು ಹಾಕಿದರು. ಪ್ರೀತಿಯದೇ, ಆದರೆ ಜೋರಾಗಿಯೇ ಬಿತ್ತು. "ಫಲಕ ಆಮೇಲೆ ಬಂದು ತಗೋತೀನಿ ಸರ್," ಎಂದು ಬಾಗಿಲು ದಾಟಿ ಹೊರಟರು.

ಲ್ಯಾಬ್ ಹೇಳಿದ ದಿನವೇ ಬಂತು. ಮಕ್ಕಳು ನಿಜವಾದ ಪ್ರನಾಳ ಹಿಡಿದರು, ಮೊದಲ ದಿನವೇ ಒಂದನ್ನು ಒಡೆದರು. ಕೋರ್ಟಿನಲ್ಲಿ ರಾಜಿಯಾಯಿತು. ಫಲಕ ಒಯ್ಯಿರಿ ಎಂದು ಠಾಣೆಯಿಂದ ಅಧ್ಯಕ್ಷರಿಗೆ ಮತ್ತೆ ಮತ್ತೆ ನೋಟೀಸು ಹೋಗಿದೆ. ಡೆಸ್ಕುಗಳ ಮೇಲೆ ಬರಿಯ ಸ್ಕ್ರೂಗಳಿವೆ. ಅಧ್ಯಕ್ಷರು ಬಂದಿಲ್ಲ.