ಹಂಚಿನಕೆರೆಯ ತೂಕದ ಹಲಗೆ

ಮೇ 11ರ ಭಾನುವಾರ ಬೆಳಿಗ್ಗೆ 7 ಗಂಟೆ 20 ನಿಮಿಷಕ್ಕೆ ಸೊರಬ ಪೊಲೀಸ್ ಠಾಣೆಗೆ ಬಂದ ಮಾಲತೇಶ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಸಬಾಳೆ ದಾರಿಯ ಹಂಚಿನಕೆರೆಯನ್ನು ಮೀನು ಸಾಕಲು ಗುತ್ತಿಗೆ ಹಿಡಿದಿದ್ದ ಆಸಾಮಿ ಅವನು. ರಾತ್ರಿ ಯಾರೋ ಕೆರೆಗೆ ವಿಷ ಹಾಕಿದ್ದಾರೆ, ನೂರೆಂಬತ್ತು ದೊಡ್ಡ ಕಾಟ್ಲಾ ಮೀನು ಸತ್ತಿವೆ, ರಾಣಿಯೂ ಹೋದಳು ಎಂಬುದು ದೂರು. ಒಂಬತ್ತು ಗಂಟೆಗೆ ಗಾಳದ ಸ್ಪರ್ಧೆ ಶುರುವಾಗಬೇಕಿತ್ತು.

ಬರೆದುಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಯಶೋಧರಾ ಪೆನ್ನು ನಿಲ್ಲಿಸಿ ರಾಣಿ ಯಾರೆಂದು ಕೇಳಿದಳು. ಇಪ್ಪತ್ತೊಂಬತ್ತೂವರೆ ಕಿಲೋದ ಮೀನು ಎಂದು ತಿಳಿಯಿತು. ಮಾಲತೇಶ ಅಮೆರಿಕದ ಬಾಸ್ ಮೀನಿನ ವಿಡಿಯೊ ನೋಡಿ ನೋಡಿ ತಲೆ ಕೆಡಿಸಿಕೊಂಡವನು. ಅಲ್ಲಿಯ ಕೆಲವು ಕೆರೆಗಳಲ್ಲಿ ಮೀನು ಹಿಡಿಯುವುದು ತಿನ್ನಲಿಕ್ಕಲ್ಲ. ಹಿಡಿದು, ತೂಗಿ, ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡಲಿಕ್ಕೆ. ಬಾಸ್ ಮೀನನ್ನು ಇಲ್ಲಿ ಬಿಡಲು ಅನುಮತಿ ಸಿಗದ್ದರಿಂದ ಕಾಟ್ಲಾವನ್ನೇ ದೈತ್ಯ ಮಾಡಲು ಹೊರಟ. ತಿಂಗಳಿಗೊಮ್ಮೆ ಬಲೆ ಬೀಸಿ ಸಣ್ಣ ಮೀನನ್ನೆಲ್ಲ ತೆಗೆಸುವುದು, ದೊಡ್ಡವಕ್ಕೆ ಮೇವು ಧಾರಾಳ ಸಿಗುವಂತೆ ಮಾಡುವುದು ಅವನ ಪದ್ಧತಿ. ತೆಗೆದ ಸಣ್ಣ ಮೀನನ್ನು ಊರಿನವರಿಗೆ ಒಂದೂ ಕೊಡುತ್ತಿರಲಿಲ್ಲ. ರುಚಿ ಹತ್ತಿದರೆ ಕೆರೆಯ ಮೇಲೆ ಕಣ್ಣು ಹಾಕುತ್ತಾರೆಂದು ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿಸುತ್ತಿದ್ದ.

"ಯಾರ ಮೇಲೆ ಅನುಮಾನ?"

"ಅನುಮಾನ ಎಂಥದ್ದು ಮೇಡಂ, ಅವನೇ. ಶಿಕಾರಿಪುರದ ಅಜಮತ್ ಉಲ್ಲಾ. ಗುತ್ತಿಗೆ ಕೈತಪ್ಪಿದ ದಿನದಿಂದ ಹಲ್ಲು ಕಡೀತಾ ಇದಾನೆ."

7.55ಕ್ಕೆ ಎಫ್‌ಐಆರ್ ದಾಖಲಾಯಿತು. ಪ್ರಾಣಿಗಳನ್ನು ಕೊಂದು ನಷ್ಟ ಮಾಡಿದ ಆರೋಪ, ಕಲಂ 325.

ಹೆಡ್ ಕಾನ್‌ಸ್ಟೆಬಲ್ ಸಣ್ಣಪ್ಪ ಮತ್ತು ಇಬ್ಬರು ಪಂಚರೊಂದಿಗೆ ಯಶೋಧರಾ 8.40ಕ್ಕೆ ಕೆರೆ ಏರಿ ಹತ್ತಿದಳು. ದಾವಣಗೆರೆ, ಹುಬ್ಬಳ್ಳಿಯಿಂದ ಬಂದಿದ್ದ ಸ್ಪರ್ಧಿಗಳು ಬೆಲೆಬಾಳುವ ಗಾಳದ ಕೋಲು ಹಿಡಿದು, ಮೂಗು ಮುಚ್ಚಿಕೊಂಡು ನಿಂತಿದ್ದರು. ಮೊಬೈಲುಗಳು ಮಾತ್ರ ಬಿಡುವಿಲ್ಲದೆ ಚಿತ್ರ ತೆಗೆಯುತ್ತಿದ್ದವು. ನಲವತ್ತು ಎಕರೆಯ ಕೆರೆಯಲ್ಲಿ ಸತ್ತ ಮೀನು ತೇಲುತ್ತಿದ್ದದ್ದು ಪೂರ್ವದ ಮೂಲೆಯಲ್ಲಿ ಮಾತ್ರ. ಆ ಮೂಲೆಗೆ ಅಡ್ಡಲಾಗಿ ದಡದಿಂದ ದಡಕ್ಕೆ ಬಲೆ ಕಟ್ಟಿತ್ತು. ಬಲೆಯೊಳಗೆ ಹೆಣಗಳ ನಡುವೆ ಬೆರಳುದ್ದದ ಮರಿಗಳು ಆರಾಮವಾಗಿ ಓಡಾಡುತ್ತಿದ್ದವು.

ದೂರಿನಲ್ಲಿ ಬಲೆಯ ಸುದ್ದಿಯೇ ಇರಲಿಲ್ಲ. ಕೇಳಿದಾಗ ಮಾಲತೇಶ ಮೊದಲು ಗೊಣಗಿದ, ಆಮೇಲೆ ಬಾಯಿಬಿಟ್ಟ. ಅಷ್ಟು ದೂರದಿಂದ ಬಂದವರ ಗಾಳಕ್ಕೆ ಏನೂ ಸಿಗದಿದ್ದರೆ ಮುಂದಿನ ವರ್ಷ ಯಾರು ಬರುತ್ತಾರೆ? ಅದಕ್ಕಾಗಿ ಹಿಂದಿನ ದಿನವೇ ದೊಡ್ಡ ಮೀನುಗಳನ್ನೆಲ್ಲ ಆ ಮೂಲೆಗೆ ಅಟ್ಟಿ ಕೂಡಿಹಾಕುತ್ತಿದ್ದ. ಇಕ್ಕಟ್ಟಿನಲ್ಲಿ ಅವುಗಳಿಗೆ ಉಸಿರು ಸಾಲದು ಎಂದು ಅಲ್ಲಿ ನೀರು ಚಿಮ್ಮಿಸಿ ಗಾಳಿ ಬೆರೆಸುವ ಯಂತ್ರ ಇಟ್ಟಿದ್ದ. ಪಂಜರದಲ್ಲಿ ಕೋಳಿ ಹಿಡಿದು ಬೇಟೆಯಾಡಿದೆವೆಂದು ಬೀಗುವ ಜಾತಿಯ ಕ್ರೀಡೆ ಇದು ಎನ್ನಿಸಿತು ಯಶೋಧರಾಗೆ. ಆದರೆ ಅದು ಪಂಚನಾಮೆಯಲ್ಲಿ ಬರೆಯುವ ಮಾತಲ್ಲ.

ರಾಣಿ ನೀರಿನಲ್ಲಿರಲಿಲ್ಲ. ದಡದ ಅಟ್ಟಣೆಯಲ್ಲಿ, ಗೆದ್ದ ಮೀನನ್ನು ತೂಗುವ ಬಟ್ಟೆಯ ಜೋಳಿಗೆಯಲ್ಲಿ ಯಾರೋ ಅವಳನ್ನು ಮಲಗಿಸಿದ್ದರು. ಮೇಲೆ ತೂಕ ಬರೆಯುವ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ 52.400 ಎಂದಿತ್ತು. ಅಂಕಿಗಳ ಮೇಲೆ ಹಾದು ಹೋಗುವ ಉದ್ದನೆಯ ಓರೆ ಗೀಟು ಬೇರೆ. ಯಾರೋ ಪುಂಡರು ಗೀಚಿದ್ದು ಎನ್ನುತ್ತ ಮಾಲತೇಶ ಅಂಗೈಯಿಂದ ಒರೆಸಲು ಹೋದ. ಯಶೋಧರಾ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಹಲಗೆಯ ಫೋಟೊ ತೆಗೆಸಿ, ಹಲಗೆಯನ್ನೇ ಜಪ್ತಿ ಮಾಡಿಸಿದಳು.

11.30ಕ್ಕೆ ಶಿಕಾರಿಪುರ. ಅಜಮತ್ ಉಲ್ಲಾನ ಬಲೆ ಅಂಗಡಿಯ ಗಾಜು ಆಗಲೇ ಪುಡಿಯಾಗಿತ್ತು. ಮಾಲತೇಶನ ಕಡೆಯ ಹುಡುಗರು ಪೊಲೀಸರಿಗಿಂತ ಮುಂಚೆ ತನಿಖೆ ಮುಗಿಸಿಬಿಟ್ಟಿದ್ದರು. ಅರವತ್ತು ದಾಟಿದ ಮನುಷ್ಯ ಗಾಜಿನ ಚೂರು ಗುಡಿಸುತ್ತಿದ್ದ, ಅವನ ಹೆಂಡತಿ ಹಮೀದಾ ಮೊರ ಹಿಡಿದು ನಿಂತಿದ್ದಳು. ಶನಿವಾರ ರಾತ್ರಿ ಎಲ್ಲಿದ್ದೆ ಎಂದರೆ ಮನೆಯಲ್ಲಿ ಎಂದ. ಅದಕ್ಕೆ ಹೆಂಡತಿಯ ಹೊರತು ಸಾಕ್ಷಿಯಿಲ್ಲ. ಆಮೇಲೆ ಅವನೇ ಒಂದು ಪ್ರಶ್ನೆ ಕೇಳಿದ.

"ಸಣ್ಣವು ಸತ್ತಾವೇನ್ರೀ ಮೇಡಂ?"

"ಇಲ್ಲ."

"ಹಂಗಾರ ವಿಷ ಅಲ್ಲ ಬಿಡ್ರಿ. ವಿಷ ಬಿದ್ರ ಮೊದ್ಲು ಮರಿಗಳು ಹೋಗ್ತಾವ. ದೊಡ್ಡವಷ್ಟ ಹೋಗ್ಯಾವ ಅಂದ್ರ ಉಸಿರು ಕಟ್ಟಿ ಸತ್ತಾವ."

ಮೀನುಗಾರಿಕೆ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು. ಆದರೂ ನೀರಿನ ಮಾದರಿಯ ವರದಿ ಬರಲು ಹದಿನೈದು ದಿನ. ಡಿವೈಎಸ್‌ಪಿ ಸಾಹೇಬರು ಕೊಟ್ಟ ಗಡುವು ಸೋಮವಾರ ಸಂಜೆಯವರೆಗೆ. ಅಷ್ಟರಲ್ಲಿ ನಿಜವಾದ ಕೈ ಸಿಗದಿದ್ದರೆ ಅಜಮತ್ ಉಲ್ಲಾನನ್ನು ಒಳಗೆ ಹಾಕಬೇಕು, ಇಲ್ಲವೇ ಗಾಜು ಒಡೆದವರು ಅವನ ಕೈಕಾಲು ಮುರಿಯುವುದನ್ನು ನೋಡಬೇಕು. ಯಶೋಧರಾಗೆ ಎರಡೂ ಬೇಡವಾಗಿತ್ತು. ಬಾಗಿಲಿಗೆ ಒಬ್ಬ ಪೇದೆಯನ್ನು ಕಾವಲಿಟ್ಟು ಹೊರಟಳು.

ಮಧ್ಯಾಹ್ನ 3ಕ್ಕೆ ಮತ್ತೆ ಕೆರೆ. ಯಂತ್ರ ನೋಡಿಕೊಳ್ಳುವ ಅಫ್ಜಲ್ ಹೆದರಿ ಒಣಗಿದ್ದ. ರಾತ್ರಿ ಮಲಗುವಾಗಲೂ ಯಂತ್ರ ಓಡುತ್ತಿತ್ತು, ಬೆಳಿಗ್ಗೆ ಆರೂವರೆಗೆ ಎದ್ದಾಗಲೂ ಓಡುತ್ತಿತ್ತು ಎಂದು ಆಣೆ ಇಟ್ಟ. ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಯಂತ್ರ ಎಷ್ಟು ತಾಸು ಓಡಿತೆಂದು ಎಣಿಸುವ ಮೀಟರ್ ಇತ್ತು. ಶನಿವಾರ ಸಂಜೆ ಆರಕ್ಕೆ ಅಫ್ಜಲನೇ ಗೋಡೆಯ ಮೇಲೆ ಬರೆದಿಟ್ಟ ಅಂಕಿ 1412. ಭಾನುವಾರ ಮೂರಕ್ಕೆ 1433 ಇರಬೇಕಾದದ್ದು 1429 ಇತ್ತು. ವಿದ್ಯುತ್ ಕೇಂದ್ರದವರು ರಾತ್ರಿ ಕರೆಂಟು ಹೋಗಿಯೇ ಇಲ್ಲವೆಂದರು. ನಾಲ್ಕು ತಾಸು ಯಾರೋ ಯಂತ್ರ ನಿಲ್ಲಿಸಿ, ಮೀನು ಸತ್ತ ಮೇಲೆ ಮತ್ತೆ ಚಾಲೂ ಮಾಡಿದ್ದರು.

ಜೀಪಿನಲ್ಲಿ ಯಶೋಧರಾ ಆ 52.400ರ ಬಗ್ಗೆಯೇ ಯೋಚಿಸುತ್ತಿದ್ದಳು. ಅಷ್ಟು ತೂಕದ ಮೀನು ತಾಲ್ಲೂಕಿನಲ್ಲೇ ಇಲ್ಲ. ಸಣ್ಣಪ್ಪ ಎರಡು ಸಲ ಕೆಮ್ಮಿ, ಕೊನೆಗೆ ತನ್ನ ಮೊಬೈಲ್ ಮುಂದೆ ಹಿಡಿದ.

ಹಿಂದಿನ ವರ್ಷದ ಸ್ಪರ್ಧೆಯ ದಿನದ ಫೋಟೊ. ಅದೇ ಜೋಳಿಗೆಯಲ್ಲಿ ಮಂಡಿ ಮಡಚಿ ಕುಳಿತ ಒಬ್ಬ ಮುದುಕ. ಕೈಯಲ್ಲಿ ಎರಡು ಸಣ್ಣ ಮೀನು. ಮೇಲಿನ ಹಲಗೆಯಲ್ಲಿ 52.400. ಯಾರದೋ ಗಾಳದ ಕೋಲು ಹಲಗೆಗೆ ಅಡ್ಡ ಬಂದು ಅಂಕಿಗಳ ಮೇಲೆ ಓರೆಯಾಗಿ ಕಾಣುತ್ತಿತ್ತು. ಕೆಳಗೆ 'ಇವತ್ತಿನ ದೊಡ್ಡ ಮೀನು' ಎಂಬ ಸಾಲು, ನಗುವ ಮುಖಗಳು. ಮುದುಕ ಸದಾಶಿವಪ್ಪ. ನಲವತ್ತು ವರ್ಷ ಆ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚಿದ ನೀರುಗಂಟಿ. ಗುಂಡಿಗೆ ಸುರಿದಿದ್ದ ಮೀನಿನಲ್ಲಿ ಎರಡನ್ನು ಎತ್ತಿಕೊಂಡದ್ದು ಅವನ ತಪ್ಪು. ಮಾಲತೇಶ ಅವನನ್ನು ಅತಿಥಿಗಳ ಮುಂದೆ ತೂಗಿಸಿದ್ದ. ಅಂದಿನಿಂದ ಸದಾಶಿವಪ್ಪ ಮನೆಯ ಹೊಸಿಲು ದಾಟಿಲ್ಲವೆಂದು ಸಣ್ಣಪ್ಪ ಹೇಳಿದ.

"ನಿಮ್ಮ ಮೊಬೈಲಿಗೆ ಹೇಗೆ ಬಂತು ಇದು?"

"ಎಲ್ಲರಿಗೂ ಬಂದಿತ್ತು ಮೇಡಂ. ನಾನೂ ನಾಕು ಜನಕ್ಕೆ ಕಳಿಸಿದ್ದೆ."

ಯಶೋಧರಾಗೆ ಮೈಯೆಲ್ಲ ಉರಿಯಿತು. ಐದನೆಯವಳಾಗಿ ನನಗೂ ಕಳಿಸಿ ಎಂದಳು. ಠಾಣೆಯಲ್ಲಿ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಸತ್ತ ರಾಣಿಯ ಮೇಲಿನ ಹಲಗೆಯಲ್ಲಿ ಬರೆದವರು ಕೋಲಿನ ಗೆರೆಯನ್ನೂ ಬಿಡದೆ ಬರೆದಿದ್ದರು. ಅಂಕಿ ಬಲ್ಲವರು ಯಾರೂ ಹಾಗೆ ಮಾಡುವುದಿಲ್ಲ. ಆ ಫೋಟೊವನ್ನು ನೂರಾರು ಸಲ ನೋಡಿ, ಕಾಣುವುದೆಲ್ಲ ಅಂಕಿಯೇ ಎಂದುಕೊಂಡವರ ಬರಹ ಅದು.

ಸೋಮವಾರ ಬೆಳಿಗ್ಗೆ 10.15ಕ್ಕೆ, ಕೆರೆಯ ದಡದಲ್ಲೇ, ಪಂಚರ ಸಮಕ್ಷಮ, ಕೆರೆಯಲ್ಲಿ ಕೆಲಸ ಮಾಡುವ ಏಳು ಜನರನ್ನೂ ಕರೆಸಿ, ಹಳೆಯ ಫೋಟೊ ತೋರಿಸಿ, ಹಲಗೆಯಲ್ಲಿ ಇರುವುದನ್ನು ಕಾಗದದ ಮೇಲೆ ಬರೆಯಲು ಹೇಳಲಾಯಿತು. ಆರು ಜನ ಐದು ಅಂಕಿ, ಒಂದು ಚುಕ್ಕೆ ಬರೆದುಕೊಟ್ಟರು. ಏಳನೆಯವಳು ಅಡುಗೆಯ ಯಮುನಮ್ಮ, ಸದಾಶಿವಪ್ಪನ ಹೆಂಡತಿ. ಸೆರಗಿಗೆ ಕೈ ಒರೆಸಿಕೊಂಡು, ಫೋಟೊವನ್ನು ನೋಡದೆಯೇ, ಒಂದೊಂದೇ ಅಂಕಿ ಬರೆದಳು. ಕೊನೆಗೆ ಓರೆ ಗೆರೆಯನ್ನೂ ಎಳೆದಳು.

ಅವಳಿಗೆ ಓದು ಬರಹ ಬರುತ್ತದೆಯೇ ಎಂದು ಯಶೋಧರಾ ಕೇಳಿದಳು. ಇಲ್ಲ, ಇದೊಂದೇ ಬರುತ್ತದೆ ಎಂದಳು ಯಮುನಮ್ಮ. ಮುಂದಿನದನ್ನು ಯಾರೂ ಕೆದಕಿ ಕೇಳಬೇಕಾಗಲಿಲ್ಲ.

ದೋಸೆ ಹಿಟ್ಟು ರುಬ್ಬಲು ಅವಳು ಬೆಳಗಿನ ಜಾವ ಎರಡಕ್ಕೇ ಅಡುಗೆಮನೆಗೆ ಬರುತ್ತಿದ್ದಳು. ಒಮ್ಮೆ ಗ್ರೈಂಡರನ್ನು ಗಾಳಿ ಯಂತ್ರದ ಲೈನಿಗೇ ಸಿಕ್ಕಿಸಿದಾಗ ಎರಡೂ ನಿಂತುಹೋಗಿದ್ದವು. ಆಗ ಅಫ್ಜಲ್ ಕೈ ಮುಗಿದು ಹೇಳಿದ್ದ: ಕೂಡಿಹಾಕಿದ ದಿನ ಇದು ಮೂರು ತಾಸು ನಿಂತರೆ ದೊಡ್ಡ ಮೀನು ಒಂದೂ ಉಳಿಯುವುದಿಲ್ಲ, ಇದನ್ನು ಮುಟ್ಟಬೇಡಮ್ಮ. ಅವಳು ಮೂರಕ್ಕೆ ಇನ್ನೊಂದು ತಾಸು ಸೇರಿಸಿ ನಿಲ್ಲಿಸಿದ್ದಳು. ಆಮೇಲೆ ಸತ್ತ ರಾಣಿಯನ್ನು ದಡಕ್ಕೆ ಎಳೆದು ಜೋಳಿಗೆಗೆ ಹಾಕಿ, ಹಲಗೆಯಲ್ಲಿ ಬರೆದಿದ್ದಳು. ಗಂಡನನ್ನು ತೂಗಿದವನಿಗೆ ಒಂದು ವರ್ಷ ಉಪ್ಪು ಖಾರ ಹದವಾಗಿ ಹಾಕಿ ಬಡಿಸಿದ್ದಳು. ನಲ್ಲಿಯ ಹತ್ತಿರ ಹೆಂಗಸರು ಮಾನಗೆಟ್ಟವಳು ಎಂದದ್ದನ್ನು ಕೇಳಿಸಿಕೊಂಡಿದ್ದಳು. ಮಾಲತೇಶ ಮಾತ್ರ ಅವಳನ್ನು ಬಾಯಿಲ್ಲದ ಒಳ್ಳೆಯ ಹೆಂಗಸು ಎಂದು ಬಂದವರಿಗೆಲ್ಲ ಹೊಗಳುತ್ತಿದ್ದ.

"ಇಷ್ಟು ದಿನ ಯಾಕೆ ಕಾದಿದ್ದು?"

"ಅವತ್ತು ಎಷ್ಟು ಜನ ನೋಡಿದ್ರೋ, ಅಷ್ಟು ಜನ ನೋಡ್ಬೇಕಿತ್ತಲ್ಲ ತಾಯಿ. ಫೋಟೊ ತೆಗೀಬೇಕಿತ್ತು."

ದೂರ ನಿಂತಿದ್ದ ಮಾಲತೇಶ ಮುಂದೆ ಬಂದು, ನಾನು ಅನ್ನ ಹಾಕಿದ್ದೆ ನಿನಗೆ ಎಂದ. ಯಮುನಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ. ತಾನು ಮಾಡಬೇಕಾದದ್ದನ್ನು ಪೂರ್ತಿ ಮಾಡಿ ಮುಗಿಸಿದವಳ ಸಮಾಧಾನ ಅವಳ ಮುಖದಲ್ಲಿ ಕಾಣುತ್ತಿತ್ತು. ಬಂಧನದ ಸಮಯ 11.05 ಎಂದು ದಾಖಲಾಯಿತು. ಯಶೋಧರಾ ಮೊದಲು ಶಿಕಾರಿಪುರ ಠಾಣೆಗೆ ಫೋನ್ ಮಾಡಿ, ಅಜಮತ್ ಉಲ್ಲಾನ ಮೇಲೆ ಏನೂ ಇಲ್ಲವೆಂದು ತಿಳಿಸಿದಳು.

ಬಂಧನವನ್ನು ಮನೆಯವರಿಗೆ ತಿಳಿಸಿ ಸಹಿ ಪಡೆಯಬೇಕು. ಕೆರೆ ಏರಿಯ ಹಿಂದೆಯೇ ಎರಡು ಕೋಣೆಯ ಮನೆ. ಸದಾಶಿವಪ್ಪ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಯಶೋಧರಾ ನಡೆದದ್ದನ್ನು ಹೇಳುವಾಗ ತಿರುಗಲಿಲ್ಲ. ನೂರೆಂಬತ್ತು ಮೀನು ಎಂದಾಗ ತಿರುಗಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಆ ಕೆರೆಯ ನೀರು ಒಂದು ಗೇಣು ಇಳಿದರೆ ಊಟ ಬಿಡುತ್ತಿದ್ದ ಮನುಷ್ಯ.

"ಉಸಿರು ಕಟ್ಸಿ ಕೊಂದ್ಯಲ್ಲೇ. ಮೀನು ಏನು ಮಾಡಿದ್ವು?"

"ನೀವು ಏನು ಮಾಡಿದ್ರಿ?"

ಸಣ್ಣಪ್ಪ ಕಾಗದ ಮುಂದೆ ಹಿಡಿದವನು ಮುಖ ಎತ್ತಿ ಸದಾಶಿವಪ್ಪನನ್ನು ನೋಡಲಾರದೆ ನೆಲ ನೋಡಿದ. ಮುದುಕ ಗೋಡೆ ಹಿಡಿದು ಎದ್ದ. ಸಹಿ ಹಾಕಿದ. ಗೂಟದಿಂದ ಅಂಗಿ ತೆಗೆದು, ಗುಂಡಿಗಳನ್ನು ನಿಧಾನವಾಗಿ ಕತ್ತಿನವರೆಗೂ ಹಾಕಿಕೊಂಡು, ಹೊಸಿಲು ದಾಟಿ ಜೀಪಿನ ಹತ್ತಿರ ಬಂದು ನಿಂತ. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ಅವನು ತಲೆ ತಗ್ಗಿಸಲಿಲ್ಲ. ಠಾಣೆಗೆ ಬರುವ ಅಗತ್ಯವಿಲ್ಲ, ಜಾಮೀನು ಸಿಗುವ ಕೇಸು ಎಂದು ಯಶೋಧರಾ ಹೇಳಿದಳು.

"ಅದಕ್ಕಲ್ಲ ಮೇಡಂ. ನಂದೂ ಒಂದು ದೂರು ಐತೆ. ಬರ್ಕೊಳ್ಳಿ."

ಯಶೋಧರಾ ಮುಂದಿನ ಸೀಟು ಬಿಟ್ಟುಕೊಟ್ಟಳು. ಮಧ್ಯಾಹ್ನ 12.40ಕ್ಕೆ ಸೊರಬ ಠಾಣೆಯಲ್ಲಿ ಎರಡನೆಯ ಎಫ್‌ಐಆರ್ ದಾಖಲಾಯಿತು. ದೂರುದಾರ ಸದಾಶಿವಪ್ಪ, ಆರೋಪಿ ಮಾಲತೇಶ. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲನೆಯ ಹೆಸರನ್ನು ಸಣ್ಣಪ್ಪ ತಾನೇ ಬರೆದ. ಅದು ಅವನದೇ ಹೆಸರು.