ಹಾವಗೆಪ್ಪನ ಓರೆನೋಟ

ಮೂರನೆಯ ಸಲವೂ ಹಾವಗೆಪ್ಪ ಓರೆಗಣ್ಣಿನಿಂದಲೇ ನೋಡಿದಾಗ ಶಿವಕಾಂತಾಳ ಸಹನೆ ತೀರಿತು.

ಭಾಲ್ಕಿ ಪೇಟೆಯ ಅವನ ಸಣ್ಣ ಜವಳಿ ಅಂಗಡಿಗೆ ಅವಳು ಬರುತ್ತಿದ್ದದ್ದು ಕುಬಸದ ಬಟ್ಟೆಗೆ. ಗಂಡ ತೀರಿ ಐದು ವರ್ಷವಾಗಿತ್ತು. ಸೋದರತ್ತೆ ರುಕ್ಮಿಣಿಬಾಯಿಯ ಮನೆಯಲ್ಲಿದ್ದುಕೊಂಡು ಊರ ಹೆಂಗಸರಿಗೆ ಕುಬಸ ಹೊಲಿದುಕೊಡುತ್ತಿದ್ದಳು. ಇಪ್ಪತ್ನಾಲ್ಕರ ವಿಧವೆಯ ಮೇಲೆ ಎಂಥ ಕಣ್ಣುಗಳು ಬೀಳುತ್ತವೆಂದು ಅವಳಿಗೆ ಗೊತ್ತಿತ್ತು. ಆದರೆ ಈ ಮನುಷ್ಯನ ರೀತಿಯೇ ಬೇರೆ. ಮುಖ ಗೋಡೆಯ ಕಡೆ, ನೋಟ ಮಾತ್ರ ಕಣ್ಣಂಚಿನಿಂದ ಅವಳ ಕಡೆ. ಕದ್ದು ನೋಡುವವನ ಅವಸರವೂ ಇಲ್ಲ.

“ಸಾವಕಾರ್ರ, ಹಸರು ಖಣ ಕೇಳೀನಿ. ನೋಡೂದಿದ್ದರ ನೆಟ್ಟಗ ನೋಡ್ರಿ. ಹಿಂಗ ಓರಿಗಣ್ಣಿಲೆ ನೋಡೂದು ಮರ್ಯಾದಿ ಅಲ್ಲ.”

ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ಬಾಯಿಗೆ ಸೆರಗೊತ್ತಿ ನಕ್ಕರು. ಹಾವಗೆಪ್ಪನ ಕಿವಿ ಕೆಂಪಾಯಿತು. ನೇರ ಅವಳನ್ನೇ ನೋಡುತ್ತ ಬಟ್ಟೆ ಅಳೆದು, ಕತ್ತರಿಸಿ, ಮಡಚಿ ಕೊಟ್ಟ. ಸಿಟ್ಟಿನಲ್ಲಿ ಅವಳೂ ಬಿಚ್ಚಿ ನೋಡದೆ ಹೊರಟುಬಿಟ್ಟಳು.

“ಇದೇನ ಶಿವಕಾಂತಾ, ನೀಲಿ ತಂದಿ?” ಮನೆಯಲ್ಲಿ ಅತ್ತೆ ಕೇಳಿದಳು.

ಮರುದಿನ ಬೆಳಿಗ್ಗೆ ಜಗಳಕ್ಕೆಂದೇ ಹೋದಳು. ಹಾವಗೆಪ್ಪ ಬಟ್ಟೆಯ ಒಂದೊಂದೇ ಥಾನನ್ನು ಬಾಗಿಲ ಬೆಳಕಿಗೆ ಹಿಡಿದು, ಮುಖ ಆಚೆ ತಿರುಗಿಸಿ, ಕಣ್ಣಂಚಿನಿಂದ ಪರೀಕ್ಷಿಸುತ್ತಿದ್ದ. ಬಟ್ಟೆಯನ್ನೂ ಅವನು ಹಾಗೆಯೇ ನೋಡುತ್ತಿದ್ದ.

“ನಿನ್ನಿ ನೀಲಿ ಕೊಟ್ಟೀರಿ,” ಎಂದಳು ಮೆಲ್ಲಗೆ.

“ತಪ್ಪಾತ್ರಿ ಬಾಯಾರ. ಎರಡು ವರ್ಷಾತು, ಕಣ್ಣಿನ ನಡುವ ಹೊಗಿ ಕುಂತಂಗ ಅದ. ನೆಟ್ಟಗ ನೋಡಿದ್ದು ಕಾಣೂದಿಲ್ಲ. ಬಾಜೂಕ್ಕ ನೋಡಿದರ ಅಂಚಿನಾಗ ಅಷ್ಟಿಷ್ಟು ಕಾಣತದ. ಚಶ್ಮಾ ಹಾಕಿದರೂ ಉಪಯೋಗ ಇಲ್ಲ ಅಂದ್ರು ಬೀದರದ ಡಾಕ್ಟರ್.”

“ಹಂಗಾದರ ನಿನ್ನಿ ನನ್ನ ನೆಟ್ಟಗ ನೋಡಿದ್ದು?”

“ನೀವು ಅಂದ್ರಿ ಅಂತ ನೋಡಿದೆ. ಏನೂ ಕಾಣಲಿಲ್ಲ.” ಥಾನು ಮಡಚುತ್ತ, “ಅದಕ್ಕೂ ಮೊದಲ ಚಂದ ಕಾಣತಿದ್ರಿ,” ಎಂದ.

ಈ ಸಲ ಕೆಂಪಾದದ್ದು ಶಿವಕಾಂತಾಳ ಕಿವಿ.

ಅಂದೇ ಸೂಜಿ ದಾರ ತಂದು ಕುಳಿತಳು. ಕೆಂಪು ಥಾನಿನ ಮೂಲೆಗೆ ಒಂದು ಗಂಟು, ಹಸಿರಿಗೆ ಎರಡು, ನೀಲಿಗೆ ಮೂರು. ಅವನು ಹೆಬ್ಬೆರಳಿನಿಂದ ಸವರಿ ಬಣ್ಣ ಹೇಳತೊಡಗಿದ. ಮನೆಯಿಂದ ಅಂಗಡಿಗೆ ಎಷ್ಟು ಹೆಜ್ಜೆ, ತುಂಬುತ್ತಿರುವ ಚರಿಗೆಯ ಸದ್ದು ಎಲ್ಲಿಗೆ ಬಂದರೆ ನೀರು ನಿಲ್ಲಿಸಬೇಕು, ಎಲ್ಲ ಅವನಿಗೆ ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಬಣ್ಣವೊಂದೇ.

“ಎಡಗಾಲಿನ ಚಪ್ಲಿ ಹರಿದದ, ಹೊಲಿಸ್ಕೋರಿ,” ಎಂದ ಒಂದು ದಿನ.

“ನಿಮಗ ಹ್ಯಾಂಗ ಕಾಣ್ತು?”

“ಕಾಣಲಿಲ್ರಿ. ಮೂರು ದಿನದಿಂದ ಅದರ ಸಪ್ಪಳ ಕೇಳ್ಲಿಕತ್ತೀನಿ.”

ದೀಪಾವಳಿ ಕಳೆದ ವಾರ ಅಂಗಡಿಗೆ ಬೀಗ ಬಿದ್ದಿತು. ಪಕ್ಕದ ಅತ್ತರಿನ ಅಂಗಡಿಯ ಮಕ್ಸೂದ ಹೇಳಿದ: “ಕಣ್ಣು ಮತ್ತ ಕಮ್ಮಿ ಆಗ್ಯಾವಂತ, ಬಾಯಾರ. ಔರಾದದಿಂದ ಅವರ ಅಣ್ಣ ಶಿವರಾಜಪ್ಪ ಬಂದು ಕರಕೊಂಡು ಹೋದ್ರು. ಇವರೂ ಸುಮ್ನ ಹೋದ್ರು.”

ಎಂಟು ದಿನ ಶಿವಕಾಂತಾಳ ಹೊಲಿಗೆ ನೆಟ್ಟಗೆ ಬರಲಿಲ್ಲ. ಒಂಬತ್ತನೆಯ ದಿನ ರುಕ್ಮಿಣಿಬಾಯಿ ರೊಟ್ಟಿ ತಟ್ಟುತ್ತಲೇ ಕೇಳಿದಳು: “ಬಂಡಿ ಹೊಡಿಯೋ ಪಂಢರಿಗೆ, ಔರಾದಕ್ಕ ಬಂಡಿ ಕಟ್ಟು ಅಂತ ಹೇಳಲೇನ? ನಮ್ಮ ಮಂದ್ಯಾಗ ಉಡಿಕಿ ಲಗ್ನ ಹೊಸಾದೇನಲ್ಲ.” ಗಂಡ ಸತ್ತವಳಿಗೆ ಮತ್ತೊಂದು ಮದುವೆ ಮಾಡುವ ಆ ಪದ್ಧತಿಯನ್ನು ಅತ್ತೆ ಮೊದಲ ಸಲ ಬಾಯಿಬಿಟ್ಟು ನೆನಪಿಸಿದ್ದಳು.

ಔರಾದದಲ್ಲಿ ಹಾವಗೆಪ್ಪ ಹೊರಸಿನ ಮೇಲೆ ಕುಳಿತಿದ್ದ. ಕುಡಿಯುವ ನೀರನ್ನೂ ಅತ್ತಿಗೆ ತಂದು ಕೈಗಿಡುತ್ತಿದ್ದಳು. ಅತ್ತೆಯೊಡನೆ ಬಂದ ಶಿವಕಾಂತಾಳ ಹೆಜ್ಜೆ ಅಂಗಳದಲ್ಲಿ ಕೇಳಿ ತಟ್ಟನೆ ಎದ್ದು ನಿಂತ.

“ಹೇಳದ ಬಂದ್ರಿ,” ಎಂದಳು ಶಿವಕಾಂತಾ.

“ಹೇಳಾಕ ಬಾಯಿ ಬರಲಿಲ್ರಿ.”

“ಕಣ್ಣು ಹೋಗ್ತಾವ ಅಂತ ಹೆದರಿ ಬಂದ್ರೋ, ನಾ ಬಿಟ್ಟು ಹೋಗ್ತೇನಿ ಅಂತ ಹೆದರಿ ಬಂದ್ರೋ?”

ಅವನು ಮುಖ ಆಚೆ ತಿರುಗಿಸಿ, ಕಣ್ಣಂಚಿನಿಂದ ಅವಳನ್ನು ನೋಡಿದ. “ಎರಡನೇದು,” ಎಂದ.

ಶಿವರಾಜಪ್ಪ ಗಂಟಲು ಸರಿಮಾಡಿಕೊಂಡ. “ನೋಡವ್ವ, ಇವತ್ತ ಅಂಚಿನಾಗ ಕಾಣತದ. ನಾಳಿ ಅದೂ ಹೋದರ?”

“ಹೋದರ ಹೋಗ್ಲಿ, ಅಂಗಡಿ ಅದ, ನಾ ಇದ್ದೇನಿ. ಹಿಂಗ ಕುಂದರ್ಸಿ ಇಟ್ಟರ ಕಣ್ಣಿನ ಜೋಡಿ ಕೈಕಾಲೂ ಹೋಗ್ತಾವ್ರಿ.”

ಅಣ್ಣ ರುಮಾಲು ಸುತ್ತಿಕೊಂಡು ಹಿರಿಯರನ್ನು ಕರೆಯಲು ಹೊರಟ. ನಾಲ್ಕನೆಯ ದಿನ ಅದೇ ಅಂಗಳದಲ್ಲಿ, ವಾದ್ಯವಿಲ್ಲದೆ, ಹತ್ತು ಮಂದಿಯ ಎದುರು ಉಡಿಕಿ ಆಯಿತು. ಮರುದಿನ ಬೆಳಗಾಗುತ್ತಲೇ ಪಂಢರಿಯ ಬಂಡಿ ಭಾಲ್ಕಿಯತ್ತ ಹೊರಟಿತು. ರುಕ್ಮಿಣಿಬಾಯಿ ಹುಲ್ಲಿಗೊರಗಿ ಆಗಲೇ ತೂಕಡಿಸುತ್ತಿದ್ದಳು.

“ಇನ್ನ ಮ್ಯಾಲ ನಿಮಗ ‘ನೀ’ ಅನ್ನಲೇನ್ರಿ?” ಹಾವಗೆಪ್ಪ ಪಿಸುಗುಟ್ಟಿದ.

“ಭಾಲ್ಕಿ ಮುಟ್ಟೂ ತನಕ ತಡೀರಿ,” ಎಂದಳು ಅವಳು, ನಗು ಸೆರಗಿನಲ್ಲಿ ಅಡಗಿಸಿ.

ಅವನು ತಡೆದ. ಎತ್ತುಗಳು ಇಪ್ಪತ್ತು ಹೆಜ್ಜೆ ಇಟ್ಟಿರಬಹುದು.

“ಪಂಢರಿ, ಭಾಲ್ಕಿ ಇನ್ನ ಎಷ್ಟು ದೂರ ಅದಪಾ?”

“ಏನ್ ಕೇಳ್ತೀರಿ ಧಣಿ,” ಎಂದ ಪಂಢರಿ. “ಇನ್ನೂ ಔರಾದದ ಅಗಸಿ ಬಾಗಲ ದಾಟಿಲ್ರಿ.”